ಪಕ್ಷ ನೋಡಿ ಓಟು ಹಾಕಬೇಕಾ, ಅಭ್ಯರ್ಥಿ ನೋಡಿ ಹಾಕಬೇಕಾ? ಮಲೆನಾಡಿನ ಮತದಾರರಿಗೊಂದು ಮಾರ್ಗದರ್ಶಿ

ಚುನಾವಣೆ ಹತ್ತಿರ ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಒಂದೇ. "ನಮ್ಮ ಮನೆ ಓಟು ಅಪ್ಪನ ಕಾಲದಿಂದಲೂ ಒಂದೇ ಪಕ್ಷಕ್ಕೆ. ಈ ಸಲ ಅವರು ನಿಲ್ಲಿಸಿದ ಜನ ಯಾಕೋ ಮನಸ್ಸಿಗೆ ಬರುತ್ತಿಲ್ಲ. ಏನು ಮಾಡೋದು?" ತೀರ್ಥಹಳ್ಳಿಯಿಂದ ಬಂದರೂ ಇದೇ ಪ್ರಶ್ನೆ, ಭದ್ರಾವತಿಯಿಂದ ಬಂದರೂ ಇದೇ. ಇದನ್ನೇ ತಿರುಗಿಸಿ ಕೇಳುವವರೂ ಇದ್ದಾರೆ: "ಎದುರು ಪಕ್ಷದವರು ಒಳ್ಳೆಯವರನ್ನೇ ನಿಲ್ಲಿಸಿದ್ದಾರೆ. ಆದರೆ ಆ ಚಿಹ್ನೆ ಮೇಲೆ ಬೆರಳು ಹೋಗಲ್ಲ."

ಯಾರಿಗೆ ಹಾಕಬೇಕು ಎಂದು ನಾನು ಹೇಳುವುದಿಲ್ಲ. ಹೇಗೆ ತೀರ್ಮಾನಿಸಬಹುದು ಎನ್ನುವುದಷ್ಟೇ ಇಲ್ಲಿದೆ. ಎಲ್ಲ ಹಂತ ಮುಗಿಸಿ ನೀವು ಮತ್ತೆ ಹಳೆಯ ಪಕ್ಷಕ್ಕೇ ಹಾಕಿದರೆ ಅದರಲ್ಲಿ ತಪ್ಪೇನಿಲ್ಲ. ಸ್ವಂತ ಬುದ್ಧಿಯಿಂದ ಯೋಚಿಸುವುದು ಅಂದರೆ ಪಕ್ಷೇತರರಿಗೆ ಹಾಕುವುದು ಅಂತಲ್ಲ. ಪಕ್ಷ ಬದಲಿಸಲೇಬೇಕು ಅಂತಲೂ ಅಲ್ಲ. ಯಾಕೆ ಹಾಕಿದೆ ಎಂದು ಯಾರಾದರೂ ಕೇಳಿದರೆ "ನಾವು ಮೊದಲಿಂದಲೂ ಅವರೇ" ಎನ್ನುವುದನ್ನು ಬಿಟ್ಟು ಬೇರೊಂದು ಕಾರಣ ಹೇಳಲು ಬರಬೇಕು. ಅಷ್ಟಾದರೆ ಸಾಕು.

ಬೇಕಾಗುವುದು ಹೆಚ್ಚೇನಿಲ್ಲ. ಒಂದು ಹಾಳೆ, ಪೆನ್ನು, ಇಂಟರ್‌ನೆಟ್ ಇರುವ ಫೋನು, ಒಂದು ಸಂಜೆ. ನಾಮಪತ್ರ ವಾಪಸ್ ಪಡೆಯುವ ದಿನ ಮುಗಿದ ಮೇಲೆ ಕೂತರೆ ಒಳ್ಳೆಯದು, ಕಣದಲ್ಲಿ ಯಾರ್‍ಯಾರು ಉಳಿದರು ಎನ್ನುವುದು ಆಗಲೇ ಖಚಿತವಾಗುವುದು. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಆ ದಿನಕ್ಕೂ ಮತದಾನಕ್ಕೂ ನಡುವೆ ಕನಿಷ್ಠ 14 ದಿನ ಇರಲೇಬೇಕು ಎಂದು ಕಾನೂನು ಹೇಳುತ್ತದೆ. ಆ ಎರಡು ವಾರ ನಿಮ್ಮದು.

ಹಂತ 1: ಪಟ್ಟಿಯಲ್ಲಿ ಹೆಸರಿದೆಯಾ ನೋಡಿ

ಇದನ್ನು ಚುನಾವಣೆ ಘೋಷಣೆಗೆ ಮುಂಚೆಯೇ ಮಾಡಿ. ಹೊಸದಾಗಿ ಸೇರಲು ನಮೂನೆ 6. ವಿಳಾಸ ಬದಲಾಗಿದ್ದರೆ, ಹೆಸರು ತಪ್ಪಾಗಿದ್ದರೆ ನಮೂನೆ 8. ಸಂದೇಹವಿದ್ದರೆ 1950ಕ್ಕೆ ಫೋನ್ ಮಾಡಿ. ಬೆಂಗಳೂರಿನಲ್ಲಿ ಕೆಲಸ, ಊರಿನಲ್ಲಿ ಓಟು ಎನ್ನುವ ಮಕ್ಕಳು ನಮ್ಮ ಕಡೆ ಮನೆಗೊಬ್ಬರು ಇದ್ದಾರೆ. ಎರಡೂ ಕಡೆ ಹೆಸರಿಟ್ಟುಕೊಳ್ಳುವಂತಿಲ್ಲ, ಅದು ಅಪರಾಧ.

ಹಂತ 2: ಇದು ಯಾವ ಚುನಾವಣೆ?

ಪಕ್ಷವೋ ವ್ಯಕ್ತಿಯೋ ಎನ್ನುವ ಪ್ರಶ್ನೆಗೆ ಎಲ್ಲ ಚುನಾವಣೆಗೂ ಒಂದೇ ಉತ್ತರ ಇಲ್ಲ. ಹೆಚ್ಚಿನ ಗೊಂದಲ ಹುಟ್ಟುವುದೇ ಇಲ್ಲಿ. ಹಾಳೆಯ ಮೇಲ್ಗಡೆ ಯಾವ ಚುನಾವಣೆ ಎಂದು ದೊಡ್ಡದಾಗಿ ಬರೆದುಕೊಳ್ಳಿ.

ಗ್ರಾಮ ಪಂಚಾಯಿತಿ: ಇಲ್ಲಿ ಕಾನೂನಿನ ಪ್ರಕಾರ ಪಕ್ಷವೇ ಇಲ್ಲ. ಪಕ್ಷದ ಚಿಹ್ನೆ ಕೊಡುವುದಿಲ್ಲ. ಫಲಿತಾಂಶದ ಮರುದಿನ "ನಮ್ಮ ಬೆಂಬಲಿತರು ಇಷ್ಟು ಮಂದಿ ಗೆದ್ದರು" ಎಂದು ಎಲ್ಲ ಪಕ್ಷದವರೂ ಲೆಕ್ಕ ಕೊಡುತ್ತಾರೆ, ಅದು ಬೇರೆ ಮಾತು. ಕುಡಿಯುವ ನೀರು, ಬೀದಿ ದೀಪ, ಉದ್ಯೋಗ ಖಾತ್ರಿ ಕೆಲಸ, ಮನೆ ಫಲಾನುಭವಿಗಳ ಪಟ್ಟಿ, ಇಷ್ಟು ಯಾರು ಸರಿಯಾಗಿ ಮಾಡುತ್ತಾರೆ ನೋಡಿ. ಇಲ್ಲಿ ಪಕ್ಷ ನೋಡಿ ಓಟು ಹಾಕುವವರು ಸುಮ್ನೆ ಒಂದು ಒಳ್ಳೆ ಅವಕಾಶ ಕಳೆದುಕೊಳ್ಳುತ್ತಾರೆ ಎಂದೇ ನನ್ನ ಅಭಿಪ್ರಾಯ.

ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ, ನಗರಸಭೆ, ಮಹಾನಗರ ಪಾಲಿಕೆ: ಇಲ್ಲಿ ಪಕ್ಷದ ಚಿಹ್ನೆ ಇದೆ. ಪಕ್ಷ ಬಿಟ್ಟು ಹಾರುವವರನ್ನು ತಡೆಯಲು 1987ರ ರಾಜ್ಯ ಕಾಯ್ದೆಯೂ ಇದೆ. ಆದರೂ ಕೆಲಸ ನಡೆಯುವುದು ವಾರ್ಡಿನ ಮಟ್ಟದಲ್ಲಿ. ವ್ಯಕ್ತಿಗೇ ಜಾಸ್ತಿ ತೂಕ ಕೊಡಿ.

ವಿಧಾನಸಭೆ: ಶಿವಮೊಗ್ಗ ಜಿಲ್ಲೆಯಲ್ಲಿ ಏಳು ಕ್ಷೇತ್ರ. ಶಿವಮೊಗ್ಗ ನಗರ, ಶಿವಮೊಗ್ಗ ಗ್ರಾಮಾಂತರ, ಭದ್ರಾವತಿ, ತೀರ್ಥಹಳ್ಳಿ, ಶಿಕಾರಿಪುರ, ಸೊರಬ, ಸಾಗರ. ಇಲ್ಲಿ ಒಂದೇ ಗುಂಡಿ ಒತ್ತಿ ಎರಡು ಆಯ್ಕೆ ಮಾಡುತ್ತೀರಿ. ಕ್ಷೇತ್ರಕ್ಕೆ ಯಾರು, ರಾಜ್ಯಕ್ಕೆ ಯಾರ ಸರ್ಕಾರ. ಗಂಡು ನೋಡಲು ಹೋದವರು ಹುಡುಗನನ್ನೂ ನೋಡುತ್ತಾರೆ, ಮನೆತನವನ್ನೂ ವಿಚಾರಿಸುತ್ತಾರಲ್ಲ, ಹಾಗೆ ಎರಡನ್ನೂ ನೋಡಬೇಕಾದ ಜಾಗ ಇದು.

ಲೋಕಸಭೆ: ಶಿವಮೊಗ್ಗ ಕ್ಷೇತ್ರಕ್ಕೆ ಜಿಲ್ಲೆಯ ಏಳರ ಜೊತೆ ಉಡುಪಿ ಜಿಲ್ಲೆಯ ಬೈಂದೂರು ಸೇರಿ ಎಂಟು ವಿಧಾನಸಭಾ ಕ್ಷೇತ್ರ. ಇಷ್ಟು ದೊಡ್ಡ ಜಾಗದಲ್ಲಿ ಸಂಸದರು ನಿಮ್ಮೂರಿನ ಮೋರಿ ನೋಡಲು ಬರುವುದು ಕಷ್ಟ. ಅವರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ. ಎಂಟು ಪಾಲು ಮಾಡಿದರೆ ಎಷ್ಟಾಯಿತು ನೀವೇ ನೋಡಿ. ದೆಹಲಿಯಲ್ಲಿ ಯಾರ ಸರ್ಕಾರ ಬರಬೇಕು, ಅದರ ನೀತಿ ಏನು ಎನ್ನುವುದೇ ಇಲ್ಲಿ ಮುಖ್ಯ. ಲೋಕಸಭೆಯಲ್ಲಿ ಪಕ್ಷ ನೋಡಿ ಹಾಕುವವರನ್ನು ಕುರುಡು ಅಭಿಮಾನಿಗಳು ಎಂದು ಹಂಗಿಸುವುದು ಸರಿಯಲ್ಲ.

ವಿಧಾನ ಪರಿಷತ್ತು: ಪದವಿ ಮುಗಿಸಿ ಮೂರು ವರ್ಷವಾಗಿದ್ದರೆ ನಿಮಗೆ ನೈರುತ್ಯ ಪದವೀಧರ ಕ್ಷೇತ್ರದ ಓಟು ಸಿಗುತ್ತದೆ. ಬಹಳ ಜನ ಇದನ್ನು ಮರೆತೇ ಬಿಡುತ್ತಾರೆ. ಹಿಂದಿನ ಪಟ್ಟಿಯಲ್ಲಿ ಹೆಸರಿತ್ತು ಅಂತ ಕೂರಬೇಡಿ. ಪ್ರತಿ ಸಲ ಹೊಸ ಪಟ್ಟಿ ಮಾಡುತ್ತಾರೆ, ನಮೂನೆ 18 ಮತ್ತೆ ಕೊಡಬೇಕು. ಪಕ್ಷವೋ ವ್ಯಕ್ತಿಯೋ ಎಂಬ ಸಂಕಟಕ್ಕೆ ಇಲ್ಲಿ ಮಾತ್ರ ನೇರ ಪರಿಹಾರ ಇದೆ, ಅದೇ ಪ್ರಾಶಸ್ತ್ಯದ ಮತ. ಮೆಚ್ಚಿದ ಅಭ್ಯರ್ಥಿಗೆ 1, ಅವರು ಗೆಲ್ಲದಿದ್ದರೆ ಇವರಿರಲಿ ಎನ್ನುವವರಿಗೆ 2, ಹೀಗೆ ಅಂಕಿ ಬರೆಯುವುದು. ಇಷ್ಟವಾದ ಪಕ್ಷೇತರರಿಗೆ 1 ಕೊಟ್ಟು ನಿಮ್ಮ ಪಕ್ಷಕ್ಕೆ 2 ಕೊಡಬಹುದು, ಓಟು ಹಾಳಾಯಿತು ಎನ್ನುವ ಭಯ ಬೇಡ. ಎಚ್ಚರ: ಅಂಕಿಯನ್ನೇ ಬರೆಯಬೇಕು. ಟಿಕ್ ಹಾಕಿದರೆ, "ಒಂದು" ಎಂದು ಅಕ್ಷರದಲ್ಲಿ ಬರೆದರೆ, ಮತಗಟ್ಟೆಯಲ್ಲಿ ಕೊಟ್ಟ ಪೆನ್ನು ಬಿಟ್ಟು ಜೇಬಿನ ಪೆನ್ನು ಬಳಸಿದರೆ ಮತ ತಿರಸ್ಕಾರವಾಗುತ್ತದೆ. ಓದಿದವರ ಕ್ಷೇತ್ರದಲ್ಲೇ ಕುಲಗೆಟ್ಟ ಮತಗಳ ರಾಶಿ ಬೀಳುವುದು ಇದರಿಂದ.

ಹಂತ 3: ನಿಮ್ಮ ಮೂರು ಸಮಸ್ಯೆ ಬರೆಯಿರಿ, ಅದರ ಬೀಗದ ಕೈ ಯಾರ ಹತ್ತಿರ ಇದೆ ನೋಡಿ

ಹಾಳೆಯ ಎಡಗಡೆ ನಿಮ್ಮ ಮನೆಗೆ, ಊರಿಗೆ ನಿಜವಾಗಿ ತಟ್ಟುವ ಮೂರು ವಿಷಯ ಬರೆಯಿರಿ. ಟಿವಿಯಲ್ಲಿ ಕೂಗಾಡುವ ವಿಷಯ ಬೇಡ. ಬಲಗಡೆ ಅದು ಕೇಂದ್ರದ್ದೋ, ರಾಜ್ಯದ್ದೋ, ಪಂಚಾಯಿತಿಯದೋ ಎಂದು ಬರೆಯಿರಿ. ಈ ಬಲಗಡೆಯಲ್ಲೇ ನಮ್ಮವರು ಎಡವುವುದು. ನಮ್ಮ ಕಡೆಯ ಕೆಲವು ವಿಷಯ ಬಿಡಿಸಿ ಹೇಳುತ್ತೇನೆ.

ಅಡಿಕೆ. ಹೊರದೇಶದ ಅಡಿಕೆ ಅಗ್ಗಕ್ಕೆ ಬರದಂತೆ ಕನಿಷ್ಠ ಆಮದು ಬೆಲೆ ನಿಗದಿ ಮಾಡುವುದು ಕೇಂದ್ರ. 2023ರಲ್ಲಿ ಅದನ್ನು ಕಿಲೋಗೆ 351 ರೂಪಾಯಿಗೆ ಏರಿಸಿದರು. ಎಲೆಚುಕ್ಕಿ ರೋಗಕ್ಕೆ ಔಷಧಿ, ಸಹಾಯಧನ ಕೇಳಬೇಕಾದ್ದು ಮುಖ್ಯವಾಗಿ ರಾಜ್ಯದ ತೋಟಗಾರಿಕೆ ಇಲಾಖೆಯನ್ನು. ಹವಾಮಾನ ಆಧಾರಿತ ಬೆಳೆ ವಿಮೆಯ ಕಂತಿನಲ್ಲಿ ಕೇಂದ್ರದ್ದೂ ಪಾಲಿದೆ, ರಾಜ್ಯದ್ದೂ ಇದೆ. ಹಾಗಾಗಿ "ಅಡಿಕೆ ಬೆಳೆಗಾರರ ಪರ" ಎಂದು ಯಾರಾದರೂ ಭಾಷಣ ಮಾಡಿದರೆ, ಆಮದಿನ ಮಾತಾ, ರೋಗದ ಮಾತಾ, ವಿಮೆಯ ಮಾತಾ ಎಂದು ಕೇಳಿ. ವಿಧಾನಸಭೆ ಅಭ್ಯರ್ಥಿ ಆಮದು ನಿಲ್ಲಿಸುತ್ತೇನೆ ಎಂದರೆ ಅದು ಅವರ ಕೈಯಲ್ಲಿಲ್ಲ.

ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಮೀನು. ಇದರ ಸಕ್ರಮಕ್ಕೆ ತಾಲ್ಲೂಕಿನಲ್ಲಿ ಸಮಿತಿ ಇರುತ್ತದೆ, ಶಾಸಕರೇ ಅದರ ಅಧ್ಯಕ್ಷರು. ಇದು ಶುದ್ಧ ವಿಧಾನಸಭೆ ವಿಷಯ, ಅದರಲ್ಲೂ ವ್ಯಕ್ತಿಯ ವಿಷಯ. ಸಮಿತಿ ಸಭೆ ಕರೆಯದ ಶಾಸಕರು ಯಾವ ಪಕ್ಷದವರಾದರೂ ನಿಮ್ಮ ಅರ್ಜಿ ಕಡತದಲ್ಲೇ ಇರುತ್ತದೆ.

ಅರಣ್ಯ ಹಕ್ಕು. 2006ರ ಕಾಯ್ದೆ ಕೇಂದ್ರದ್ದು. ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದಕ್ಕೆ ಸಾಕ್ಷ್ಯ ಕೊಡಬೇಕು ಎನ್ನುವ ಷರತ್ತು ಇರುವುದು ಅದರಲ್ಲೇ. ಷರತ್ತು ಸಡಿಲಿಸಬೇಕಾದರೆ ಸಂಸತ್ತು. ಅರ್ಜಿಯನ್ನು ಮೊದಲು ಪರಿಶೀಲಿಸಬೇಕಾದ್ದು ಗ್ರಾಮಸಭೆ. ಅಲ್ಲಿಂದ ಮುಂದೆ ಉಪವಿಭಾಗ, ಜಿಲ್ಲಾ ಮಟ್ಟದ ಸಮಿತಿ.

ಶರಾವತಿ ಮುಳುಗಡೆ ಸಂತ್ರಸ್ತರ ಪ್ರಶ್ನೆ ಇನ್ನೂ ಜಟಿಲ. ಲಿಂಗನಮಕ್ಕಿ ಅಣೆಕಟ್ಟೆಗಾಗಿ 1960ರ ದಶಕದಲ್ಲಿ ಮನೆ ಬಿಟ್ಟವರ ಮಕ್ಕಳು, ಮೊಮ್ಮಕ್ಕಳಿಗೆ ಇವತ್ತಿಗೂ ಹಕ್ಕುಪತ್ರದ ಚಿಂತೆ ತಪ್ಪಿಲ್ಲ. ದಾಖಲೆ ಸಿದ್ಧ ಮಾಡಿ ಕಳಿಸಬೇಕಾದ್ದು ರಾಜ್ಯ. ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಡಲು 1980ರ ಕಾಯ್ದೆ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು. ಇಬ್ಬರೂ ಒಬ್ಬರ ಮೇಲೊಬ್ಬರು ಬೆರಳು ತೋರಿಸಲು ಇದಕ್ಕಿಂತ ಅನುಕೂಲದ ವಿಷಯ ಸಿಗಲಿಕ್ಕಿಲ್ಲ. ಅಭ್ಯರ್ಥಿಯನ್ನು ಕೇಳಬೇಕಾದ ಪ್ರಶ್ನೆ ಹೀಗಿರಲಿ: "ಕಡತ ಈಗ ಎಲ್ಲಿದೆ, ಯಾರ ಮೇಜಿನ ಮೇಲೆ?" ಉತ್ತರ ಗೊತ್ತಿದ್ದವರು ಕೆಲಸ ಮಾಡಿದವರು.

ಭದ್ರಾವತಿಯವರಿಗೆ ಒಂದು ಮಾತು. ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಇರುವುದು ಕೇಂದ್ರದ ಉಕ್ಕು ಪ್ರಾಧಿಕಾರದ ಕೆಳಗೆ, ಕಾಗದ ಕಾರ್ಖಾನೆ ಎಂಪಿಎಂ ರಾಜ್ಯ ಸರ್ಕಾರದ್ದು. ಎರಡನ್ನೂ ಒಂದೇ ಉಸಿರಿನಲ್ಲಿ ಉಳಿಸುತ್ತೇನೆ ಎನ್ನುವವರನ್ನು ಹೇಗೆ ಎಂದು ಕೇಳಿ.

ಎಡವಟ್ಟು: ಫ್ಲೆಕ್ಸ್ ನೋಡಿ ಲೆಕ್ಕ ಹಾಕಬೇಡಿ. ಶಿವಮೊಗ್ಗ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣವನ್ನು 2023ರ ಫೆಬ್ರವರಿಯಲ್ಲಿ ಉದ್ಘಾಟಿಸಿದ್ದು ಪ್ರಧಾನಿ, ಆದರೆ ಅದನ್ನು ಕಟ್ಟಿ ನಡೆಸುತ್ತಿರುವುದು ರಾಜ್ಯ. 2025ರ ಜುಲೈನಲ್ಲಿ ಓಡಾಟಕ್ಕೆ ತೆರೆದ ಸಿಗಂದೂರು ಸೇತುವೆ ಕೇಂದ್ರ ಹೆದ್ದಾರಿ ಇಲಾಖೆಯ ಕಾಮಗಾರಿ. ರಿಬ್ಬನ್ ಕತ್ತರಿಸಿದವರು, ದುಡ್ಡು ಕೊಟ್ಟವರು, ಮೊದಲು ಬೇಡಿಕೆ ಇಟ್ಟು ಬೆನ್ನು ಬಿದ್ದವರು ಮೂವರೂ ಬೇರೆ ಬೇರೆ ಇರಬಹುದು.

ಹಂತ 4: ನಿಮ್ಮ ನಿಷ್ಠೆ ಯಾವುದಕ್ಕೆ ಎಂದು ಪತ್ತೆ ಮಾಡಿ

"ನಾನು ಪಕ್ಷಕ್ಕೆ ನಿಷ್ಠ" ಎನ್ನುವ ಎಷ್ಟೋ ಜನ ಪಕ್ಷಕ್ಕೆ ನಿಷ್ಠರೇ ಅಲ್ಲ. ಒಳಗೆ ಬೇರೆ ಏನೋ ಇರುತ್ತದೆ. ಈ ಹಂತಕ್ಕೆ ಸ್ವಲ್ಪ ಹೊತ್ತು ಕೊಡಿ.

ವಿಚಾರಕ್ಕೆ ನಿಷ್ಠೆಯಿದ್ದರೆ ಒಳ್ಳೆಯದು. ಆ ವಿಚಾರ ಏನು ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ನಂತರ ಕಳೆದ ಐದು ವರ್ಷದಲ್ಲಿ ನಿಮ್ಮ ಪಕ್ಷ ಅದಕ್ಕಾಗಿ ಮಾಡಿದ ಒಂದು ಕೆಲಸ ಬರೆಯಿರಿ. ಸಾಲು ಖಾಲಿ ಉಳಿದರೆ ಯೋಚಿಸಬೇಕಾಗುತ್ತದೆ. ಇದಕ್ಕೆ ನಮ್ಮ ಜಿಲ್ಲೆಯದೇ ದೊಡ್ಡ ಉದಾಹರಣೆ ಇದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಗೇಣಿ ಭತ್ತ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎದ್ದರು. ಎಚ್. ಗಣಪತಿಯಪ್ಪ ಸಂಘಟಿಸಿದ ಆ ಹೋರಾಟಕ್ಕೆ ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಪಕ್ಷ ಹೆಗಲು ಕೊಟ್ಟಿತು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆದರೆ ಗೇಣಿದಾರರಿಗೆ ಜಮೀನು ಕೊಡಿಸಿದ ಭೂಸುಧಾರಣೆ ತಿದ್ದುಪಡಿ 1974ರಲ್ಲಿ ಜಾರಿಯಾದದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರದಲ್ಲಿ. ಬೇಡಿಕೆ ಎತ್ತಿದ್ದು ಒಂದು ಪಕ್ಷ, ಕಾನೂನು ತಂದದ್ದು ಇನ್ನೊಂದು. ಜಮೀನು ಸಿಕ್ಕ ಮನೆಯವರು ಆಮೇಲೆ ಯಾರಿಗೆ ಓಟು ಹಾಕಬೇಕಿತ್ತು? ಇದಕ್ಕೆ ಸುಲಭದ ಉತ್ತರ ಇಲ್ಲ, ಅಲ್ವಾ?

ವ್ಯಕ್ತಿಗೆ ನಿಷ್ಠೆ. ಮಲೆನಾಡಿನಲ್ಲಿ ಇದೇ ಜಾಸ್ತಿ ಎಂದು ನನಗನಿಸುತ್ತದೆ. ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ ಎಸ್. ಬಂಗಾರಪ್ಪ 1996ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ ಗೆದ್ದರು. 1999ರಲ್ಲಿ ಕಾಂಗ್ರೆಸ್ಸಿನಿಂದ, 2004ರಲ್ಲಿ ಬಿಜೆಪಿಯಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ. ನಾಲ್ಕು ಗೆಲುವು, ನಾಲ್ಕು ಪಕ್ಷ. ಶಿಕಾರಿಪುರದಲ್ಲಿ ಬಿ.ಎಸ್. ಯಡಿಯೂರಪ್ಪ 2013ರಲ್ಲಿ ಬಿಜೆಪಿಯ ಕಮಲ ಬಿಟ್ಟು ತಮ್ಮ ಹೊಸ ಪಕ್ಷ ಕೆಜೆಪಿಯ ತೆಂಗಿನಕಾಯಿ ಹಿಡಿದು ನಿಂತಾಗಲೂ ಜನ ಗೆಲ್ಲಿಸಿದರು. ಸೊರಬದಲ್ಲಿ ಮಧು ಬಂಗಾರಪ್ಪ 2013ರಲ್ಲಿ ಜೆಡಿಎಸ್‌ನಿಂದ ಗೆದ್ದರು, 2023ರಲ್ಲಿ ಕಾಂಗ್ರೆಸ್ಸಿನಿಂದ. ನಡುವೆ 2018ರಲ್ಲಿ ಗೆದ್ದವರು ಬಿಜೆಪಿಯಿಂದ ನಿಂತ ಅವರ ಅಣ್ಣ ಕುಮಾರ್. ಹಾಗಂತ ಹೆಸರು ಯಾವಾಗಲೂ ನಡೆಯುತ್ತದೆ ಎಂದೂ ಇಲ್ಲ. 2024ರ ಲೋಕಸಭೆಗೆ ಬಿಜೆಪಿಯ ಹಿರಿಯ ನಾಯಕರಾಗಿದ್ದ ಕೆ.ಎಸ್. ಈಶ್ವರಪ್ಪ ಪಕ್ಷೇತರರಾಗಿ ನಿಂತು ಸೋತರು.

ನಾಯಕರ ಜೊತೆ ನೀವೂ ಪಕ್ಷದಿಂದ ಪಕ್ಷಕ್ಕೆ ಹೋಗಿದ್ದರೆ, ಹಾಳೆಯಲ್ಲಿ "ಪಕ್ಷ" ಎಂದು ಬರೆದದ್ದನ್ನು ಹೊಡೆದು ಆ ಹೆಸರು ಬರೆಯಿರಿ. "ನಾನು ಪಕ್ಷ ನೋಡಲ್ಲ, ವ್ಯಕ್ತಿ ನೋಡ್ತೀನಿ" ಎನ್ನುವ ಮಾತು ಕೇಳಲು ಸ್ವತಂತ್ರವಾಗಿದೆ. ವ್ಯಕ್ತಿಯ ಕೆಲಸ ನೋಡದೆ ಹೆಸರಿಗೇ ಹಾಕಿದರೆ ಅದೂ ಕಣ್ಣು ಮುಚ್ಚಿದ ಓಟೇ.

ಜಾತಿಗೆ ನಿಷ್ಠೆ. ಪರೀಕ್ಷೆ ಸುಲಭ. ಅದೇ ಪಕ್ಷ, ಅದೇ ಪ್ರಣಾಳಿಕೆ, ಅಭ್ಯರ್ಥಿ ಮಾತ್ರ ಬೇರೆ ಜಾತಿಯವರು ಎಂದುಕೊಳ್ಳಿ. ಮನಸ್ಸು ಹಿಂದೆ ಸರಿಯಿತಾ? ಉತ್ತರವನ್ನು ಯಾರಿಗೂ ಹೇಳಬೇಕಿಲ್ಲ.

ರೂಢಿಗೆ ನಿಷ್ಠೆ. ಮನೆಯ ಹಿರಿಯರು ಹಾಕುತ್ತಿದ್ದರು, ನಾವೂ ಹಾಕುತ್ತೇವೆ. ಹಿರಿಯರ ಕಾಲದಲ್ಲಿ ಆ ಪಕ್ಷ ಏನು ಮಾಡಿತ್ತು, ಈಗ ಏನು ಮಾಡುತ್ತಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಇನ್ನೊಂದು ಪರೀಕ್ಷೆ ಎಲ್ಲರೂ ಮಾಡಿ. ಇತ್ತೀಚೆಗೆ ಸಿಟ್ಟು ತರಿಸಿದ ಒಂದು ಸುದ್ದಿ ನೆನೆಸಿಕೊಳ್ಳಿ. ಅದರಲ್ಲಿ ಪಕ್ಷದ ಹೆಸರು ಅದಲುಬದಲು ಮಾಡಿ. ಸಿಟ್ಟು ಅಷ್ಟೇ ಉಳಿದರೆ ನಿಮ್ಮ ತೂಕದ ಬಟ್ಟು ಸರಿಯಿದೆ. ಕಡಿಮೆಯಾದರೆ ನಿಮ್ಮ ಪಕ್ಷಕ್ಕೆ ನೀವು ರಿಯಾಯಿತಿ ಕೊಡುತ್ತಿದ್ದೀರಿ.

ಹಂತ 5: ಅಫಿಡವಿಟ್ ಓದಿ

ಅಫಿಡವಿಟ್ ಅಂದರೆ ಅಭ್ಯರ್ಥಿ ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರ, ನಮೂನೆ 26. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ವಿದ್ಯಾಭ್ಯಾಸ, ಸರ್ಕಾರಕ್ಕೆ ಉಳಿಸಿಕೊಂಡ ಬಾಕಿ ಎಲ್ಲ ಅದರಲ್ಲಿರುತ್ತದೆ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಿಂದ ಬಂದ ಹಕ್ಕು ಇದು. ಚುನಾವಣಾ ಆಯೋಗದ "ನೋ ಯುವರ್ ಕ್ಯಾಂಡಿಡೇಟ್" ಆ್ಯಪ್‌ನಲ್ಲಿ ಕ್ಷೇತ್ರ ಆರಿಸಿದರೆ ಸಿಗುತ್ತದೆ. ಚುನಾವಣಾ ಸುಧಾರಣೆಗಾಗಿ ಕೆಲಸ ಮಾಡುವ ಎಡಿಆರ್ ಸಂಸ್ಥೆಯ ಮೈನೇತಾ ಜಾಲತಾಣದಲ್ಲಿ ಅದನ್ನೇ ಸರಳ ಪಟ್ಟಿಯಾಗಿ ನೋಡಬಹುದು.

ಓದುವಾಗ ಇಷ್ಟು ಗಮನಿಸಿ. ಪ್ರಕರಣಗಳ ಸಂಖ್ಯೆ ನೋಡಿ ಗಾಬರಿಯಾಗಬೇಡಿ, ಕಲಂ ನೋಡಿ. ರಸ್ತೆ ತಡೆ, ನಿಷೇಧಾಜ್ಞೆ ಉಲ್ಲಂಘನೆಯಂಥವು ಹೋರಾಟ ಮಾಡಿದ ಯಾರ ಮೇಲೂ ಇರಬಹುದು. ವಂಚನೆ, ಹಲ್ಲೆ, ಬೆದರಿಕೆ, ಮಹಿಳೆಯರ ಮೇಲಿನ ದೌರ್ಜನ್ಯ ಬೇರೆಯೇ. ಹಿಂದೆಯೂ ಸ್ಪರ್ಧಿಸಿದ್ದವರಾದರೆ ಹಳೆಯ ಅಫಿಡವಿಟ್ ಪಕ್ಕಕ್ಕಿಟ್ಟು ಆಸ್ತಿ ಹೋಲಿಸಿ. ಜಮೀನಿನ ಬೆಲೆ ಏರಿ ಆಸ್ತಿ ಹೆಚ್ಚಿದ್ದು ಒಂದು, ಹೊಸ ಜಮೀನು ಸೇರುತ್ತಾ ಹೋದದ್ದು ಇನ್ನೊಂದು. ಸಂಗಾತಿಯ ಮತ್ತು ಅವಲಂಬಿತರ ಕಾಲಂ ಬಿಡಬೇಡಿ.

ಕ್ರಿಮಿನಲ್ ಪ್ರಕರಣ ಇರುವವರಿಗೆ ಟಿಕೆಟ್ ಕೊಟ್ಟರೆ, ಬೇರೆಯವರು ಸಿಗದೆ ಇವರನ್ನೇ ಯಾಕೆ ಆರಿಸಿದೆವು ಎಂದು ಪಕ್ಷ ಕಾರಣ ಪ್ರಕಟಿಸಬೇಕು. 2020ರ ಸುಪ್ರೀಂ ಕೋರ್ಟ್ ಆದೇಶ ಇದು. "ಗೆಲ್ಲುತ್ತಾರೆ" ಎನ್ನುವುದೊಂದೇ ಕಾರಣ ಸಾಲದು ಎಂದೂ ಕೋರ್ಟ್ ಹೇಳಿದೆ. ಪಕ್ಷದ ಅಭಿಮಾನಿಗಳು ಆ ಕಾರಣವನ್ನು ಹುಡುಕಿ ಓದಬೇಕು. ಓದಿದರೆ ಒಮ್ಮೊಮ್ಮೆ ನಗು ಬರುತ್ತದೆ.

ಈಗಾಗಲೇ ಶಾಸಕ, ಸಂಸದರಾಗಿದ್ದವರಾದರೆ ಸದನದಲ್ಲಿ ಏನು ಕೇಳಿದರು ಎನ್ನುವುದನ್ನೂ ಹುಡುಕಿ. ಸಂಸದರ ಹಾಜರಾತಿ, ಪ್ರಶ್ನೆಗಳ ವಿವರ, ಶಾಸನಸಭೆಗಳ ಕೆಲಸದ ಲೆಕ್ಕವಿಡುವ ಪಿಆರ್‌ಎಸ್ ಸಂಸ್ಥೆಯ ಜಾಲತಾಣದಲ್ಲಿದೆ. ಅಡಿಕೆಯ ಬಗ್ಗೆ, ಮಂಗನ ಕಾಯಿಲೆಯ ಬಗ್ಗೆ ಎಷ್ಟು ಸಲ ಬಾಯಿ ಬಿಟ್ಟಿದ್ದಾರೆ? ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಆ ಕಾಯಿಲೆ ಪತ್ತೆಯಾದದ್ದು 1957ರಲ್ಲಿ. ಇಷ್ಟು ವರ್ಷವಾದ ಮೇಲೂ ಬೇಸಿಗೆಯಲ್ಲಿ ಕಾಡಿಗೆ ಹೋಗಲು ಹೆದರುವ ಊರುಗಳ ಪ್ರತಿನಿಧಿ ಅದನ್ನು ಎತ್ತದಿದ್ದರೆ ಇನ್ಯಾರು ಎತ್ತಬೇಕು?

ಹಂತ 6: ಪಕ್ಷಕ್ಕೆ ಎಷ್ಟು ತೂಕ ಕೊಡಬೇಕು?

ಇದಕ್ಕೆ ವಿಪ್ ಎನ್ನುವುದು ಗೊತ್ತಿರಬೇಕು. ಸದನದಲ್ಲಿ ಹೀಗೆಯೇ ಮತ ಹಾಕಿ ಎಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ಆದೇಶವೇ ವಿಪ್. 1985ರ ಪಕ್ಷಾಂತರ ನಿಷೇಧ ಕಾಯ್ದೆ ಪ್ರಕಾರ ಅದನ್ನು ಮೀರಿದರೆ ಸದಸ್ಯತ್ವ ಹೋಗಬಹುದು. ಅಂದರೆ ನೀವು ಎಷ್ಟೇ ಒಳ್ಳೆಯವರನ್ನು ಕಳಿಸಿದರೂ ಮಸೂದೆ, ಬಜೆಟ್, ವಿಶ್ವಾಸಮತದ ದಿನ ಅವರು ಪಕ್ಷ ಹೇಳಿದ ಕಡೆಗೇ ಕೈ ಎತ್ತಬೇಕು. "ವ್ಯಕ್ತಿ ಚಿನ್ನ, ಪಕ್ಷ ಯಾವುದಾದರೇನು" ಎನ್ನುವವರು ಇದನ್ನು ಮರೆಯುತ್ತಾರೆ.

ವಿಪ್ ಅನ್ವಯಿಸದ ಕೆಲಸಗಳೂ ಇವೆ. ಪ್ರಶ್ನೆ ಕೇಳುವುದು, ಅಧಿಕಾರಿಗಳ ಸಭೆ ಕರೆಯುವುದು, ಬಗರ್ ಹುಕುಂ ಸಮಿತಿ ನಡೆಸುವುದು, ವರ್ಷಕ್ಕೆ 2 ಕೋಟಿಯ ಶಾಸಕರ ನಿಧಿ ಎಲ್ಲಿ ಹಾಕಬೇಕೆಂದು ಹೇಳುವುದು. ಇಲ್ಲೆಲ್ಲ ವ್ಯಕ್ತಿಯೇ ಮುಖ್ಯ. ನಿಮ್ಮ ಮೂರು ಸಮಸ್ಯೆಗೆ ಕಾನೂನೇ ಬದಲಾಗಬೇಕಿದ್ದರೆ ಪಕ್ಷಕ್ಕೆ ತೂಕ ಕೊಡಿ. ಇರುವ ಕಾನೂನು ಸರಿಯಾಗಿ ಜಾರಿಯಾದರೆ ಸಾಕು ಎನ್ನುವಂತಿದ್ದರೆ ವ್ಯಕ್ತಿಗೆ ಕೊಡಿ. ಈ ಇಡೀ ಲೇಖನದಲ್ಲಿ ಒಂದನ್ನೇ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಕಾಯ್ದೆಯಿದ್ದರೂ ಜಿಗಿಯುವವರು ಜಿಗಿಯುತ್ತಾರೆ. 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದರು. ಅನರ್ಹತೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್ ಮತ್ತೆ ಸ್ಪರ್ಧಿಸಲು ಬಿಟ್ಟಿತು. ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಹೊಸ ಪಕ್ಷದಿಂದ ಗೆದ್ದು ಬಂದರು. ಪಕ್ಷ ನೋಡಿ ಹಾಕಿದ ಓಟು ಎದುರು ಪಕ್ಷಕ್ಕೆ ಸೇರಿದ್ದು ಹೀಗೆ. ಅಭ್ಯರ್ಥಿಯ ಹಳೆಯ ಜಿಗಿತಗಳನ್ನು ಹಾಳೆಯಲ್ಲಿ ಬರೆದುಕೊಳ್ಳಿ.

ಹಂತ 7: ಕಷ್ಟದ ಸಂದರ್ಭಗಳು

ನಿಮ್ಮ ಪಕ್ಷ, ಒಪ್ಪಲಾಗದ ಅಭ್ಯರ್ಥಿ. ಬಿ ಫಾರ್ಮ್, ಅಂದರೆ ಇವರೇ ನಮ್ಮ ಅಧಿಕೃತ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರ, ಯಾರಿಗೆ ಸಿಗಬೇಕೆಂದು ತೀರ್ಮಾನಿಸುವವರು ನಿಮ್ಮ ಊರಿನ ಓಟುಗಳನ್ನು "ಖಾಯಂ" ಎಂದು ಬರೆದುಕೊಂಡಿರುತ್ತಾರೆ. ಖಾಯಂ ಓಟಿನ ಊರಿಗೆ ಯಾರೂ ಹೆದರುವುದಿಲ್ಲ. ನೀವು ಪಕ್ಷದ ಸದಸ್ಯರಾಗಿದ್ದರೆ ಟಿಕೆಟ್ ಘೋಷಣೆಗೆ ಮೊದಲೇ ಬೂತ್ ಸಮಿತಿಯಲ್ಲಿ ಜೋರಾಗಿ ಹೇಳಿ. ಟಿಕೆಟ್ ಆದ ಮೇಲೆ ಗೊಣಗಿದರೆ ಪ್ರಯೋಜನವಿಲ್ಲ. ಆಗಲೂ ಒಪ್ಪಿಗೆಯಾಗದಿದ್ದರೆ ಒಂದು ಸಲ ಬೇರೆಯವರಿಗೆ ಹಾಕುವುದು ದ್ರೋಹವಲ್ಲ. ಮುಂದಿನ ಸಲ ಟಿಕೆಟ್ ಕೊಡುವವರಿಗೆ ಅರ್ಥವಾಗುವ ಭಾಷೆ ಅದು.

ಒಳ್ಳೆಯ ಅಭ್ಯರ್ಥಿ, ಒಪ್ಪಲಾಗದ ಪಕ್ಷ. ಆರನೇ ಹಂತಕ್ಕೆ ವಾಪಸ್ ಹೋಗಿ. ವಿಧಾನಸಭೆಯಾದರೆ ನಾನು ಸ್ವಲ್ಪ ವ್ಯಕ್ತಿಯ ಕಡೆ ವಾಲುತ್ತೇನೆ, ಲೋಕಸಭೆಯಾದರೆ ಪಕ್ಷದ ಕಡೆ. ನೀವು ಬೇರೆ ತೀರ್ಮಾನಕ್ಕೆ ಬರಬಹುದು.

ಪಕ್ಷೇತರರು. ಗೆದ್ದ ಮೇಲೆ ಯಾವುದಾದರೂ ಪಕ್ಷ ಸೇರಿದರೆ ಪಕ್ಷೇತರರ ಸದಸ್ಯತ್ವವೂ ಹೋಗುತ್ತದೆ. ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಡಬಹುದು. ಹಾಗಾಗಿ ಮೊದಲೇ ಕೇಳಿ: ಅತಂತ್ರ ಬಂದರೆ ಯಾರ ಜೊತೆ? "ಜನರನ್ನು ಕೇಳಿ ನಿರ್ಧರಿಸುತ್ತೇನೆ" ಎಂದರೆ ಹೇಗೆ ಕೇಳುತ್ತೀರಿ ಎಂದು ಇನ್ನೊಂದು ಪ್ರಶ್ನೆ ಹಾಕಿ. ಟಿಕೆಟ್ ತಪ್ಪಿದ್ದಕ್ಕೆ ನಿಂತ ಬಂಡಾಯ ಅಭ್ಯರ್ಥಿಗೂ ಮೊದಲಿಂದ ಪಕ್ಷವಿಲ್ಲದೆ ಕೆಲಸ ಮಾಡಿದವರಿಗೂ ವ್ಯತ್ಯಾಸ ಇದೆ.

ಯಾರೂ ಬೇಡ. ನೋಟಾ ಇದೆ, 2013ರಿಂದ. ಆದರೆ ವಿಧಾನಸಭೆ, ಲೋಕಸಭೆಯಲ್ಲಿ ನೋಟಾಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೂ, ನಂತರದ ಸ್ಥಾನದಲ್ಲಿರುವ ಅಭ್ಯರ್ಥಿಯೇ ಗೆಲ್ಲುತ್ತಾರೆ. ಸಿಟ್ಟು ದಾಖಲಿಸಲು ಸರಿ, ಫಲಿತಾಂಶ ತಿರುಗಿಸಲು ಆಗದು.

ಹಂತ 8: ತೀರ್ಮಾನವನ್ನು ಕಾಪಾಡಿಕೊಳ್ಳಿ

ಕೊನೆಯ ಎರಡು ದಿನ ಎಲ್ಲ ಕಡೆಯಿಂದ ಒತ್ತಡ ಬರುತ್ತದೆ. ದೇವಸ್ಥಾನದಲ್ಲಿ ಆಣೆ ಮಾಡಿಸುವುದು ನಮ್ಮ ಕಡೆ ಹಳೆಯ ಪಟ್ಟು. ದುಡ್ಡು ಕೊಟ್ಟು ದೇವರ ಹೆಸರು ಹೇಳಿಸಿದರೆ ಜನ ತಪ್ಪುವುದಿಲ್ಲ ಎನ್ನುವ ಲೆಕ್ಕ. ದೇವರ ಮುನಿಸಿನ ಹೆದರಿಕೆ ಹಾಕಿ ಓಟು ಕೇಳುವುದು ಕಾನೂನಿನಲ್ಲಿ ಭ್ರಷ್ಟ ಆಚರಣೆ. ಓಟಿಗೆ ಹಣ ಕೊಡುವುದೂ ತಗೊಳ್ಳುವುದೂ ಅಪರಾಧ. ಸಿ-ವಿಜಿಲ್ ಆ್ಯಪ್‌ನಲ್ಲಿ ಹೆಸರು ಹೇಳದೆ ಫೋಟೊ ಕಳಿಸಿ ದೂರು ಕೊಡಬಹುದು, 100 ನಿಮಿಷದೊಳಗೆ ಕ್ರಮ ಆಗಬೇಕು. ನೆಟ್‌ವರ್ಕ್ ಸಿಗದ ಊರಾದರೆ 1950ಕ್ಕೆ ಫೋನ್ ಮಾಡಿ.

"ನೀವು ಯಾರಿಗೆ ಹಾಕಿದ್ರಿ ಅಂತ ನಮಗೆ ಗೊತ್ತಾಗುತ್ತೆ" ಎಂದು ಹೆದರಿಸುವವರಿದ್ದಾರೆ. ಎಷ್ಟು ನಿಜ? ಬೂತುವಾರು ಲೆಕ್ಕ ನಮೂನೆ 20ರಲ್ಲಿ ಪ್ರಕಟವಾಗುತ್ತದೆ, ಅದನ್ನು ಯಾರು ಬೇಕಾದರೂ ನೋಡಬಹುದು. ನಾಲ್ಕೈದು ಹಳ್ಳಿಗೊಂದು ಸಣ್ಣ ಬೂತ್ ಇರುವ ಕಡೆ ಒಟ್ಟು ಒಲವು ತಿಳಿಯುತ್ತದೆ, ಸುಳ್ಳಲ್ಲ. ಆದರೆ ಅದರಲ್ಲಿ ನಿಮ್ಮ ಓಟು ಯಾವುದು ಎಂದು ಕಂಡುಹಿಡಿಯುವ ದಾರಿ ಯಾರಿಗೂ ಇಲ್ಲ.

ಹೆಣ್ಣುಮಕ್ಕಳಿಗೆ: ಮನೆಯಲ್ಲಿ "ಎಲ್ಲರೂ ಒಂದೇ ಕಡೆ" ಎಂದಾಗ ವಾದ ಮಾಡಲೇಬೇಕು ಅಂತಿಲ್ಲ. ಆಯಿತು ಎಂದು ಹೇಳಿ, ಒಳಗೆ ಹೋಗಿ ನಿಮಗೆ ಸರಿ ಕಂಡದ್ದನ್ನು ಒತ್ತಿ.

ಹಂತ 9: ಮತಗಟ್ಟೆಯಲ್ಲಿ

ಯಂತ್ರದ ಮೇಲೆ ಮೊದಲು ಮಾನ್ಯತೆ ಪಡೆದ ಪಕ್ಷಗಳ ಅಭ್ಯರ್ಥಿಗಳು, ನಂತರ ಬರೀ ನೋಂದಾಯಿತ ಪಕ್ಷದವರು, ಆಮೇಲೆ ಪಕ್ಷೇತರರು, ಕೊನೆಗೆ ನೋಟಾ. ಪ್ರಮುಖ ಅಭ್ಯರ್ಥಿಯ ಹೆಸರಿನವರನ್ನೇ ಹುಡುಕಿ ಪಕ್ಷೇತರರಾಗಿ ನಿಲ್ಲಿಸುವ ತಂತ್ರ ಹಳೆಯದು. ಹೆಸರು ಮಾತ್ರ ನೋಡಬೇಡಿ, ಫೋಟೊ, ಚಿಹ್ನೆ ಮೂರೂ ನೋಡಿ.

ಗುಂಡಿ ಒತ್ತಿದ ಮೇಲೆ ತಕ್ಷಣ ಹೊರಡಬೇಡಿ. ಪಕ್ಕದ ವಿವಿಪ್ಯಾಟ್ ಕಿಟಕಿಯಲ್ಲಿ ನೀವು ಹಾಕಿದವರ ಹೆಸರು, ಚಿಹ್ನೆಯ ಚೀಟಿ 7 ಸೆಕೆಂಡ್ ಕಾಣುತ್ತದೆ. ಬೇರೆ ಹೆಸರು ಬಂದಿದೆ ಎನಿಸಿದರೆ ಅಲ್ಲೇ ಮತಗಟ್ಟೆ ಅಧಿಕಾರಿಗೆ ಹೇಳಿ. ಅವರು ಲಿಖಿತ ಹೇಳಿಕೆ ಪಡೆದು ಪರೀಕ್ಷಾ ಮತ ಹಾಕಿಸುತ್ತಾರೆ. ಸುಳ್ಳು ದೂರು ಶಿಕ್ಷಾರ್ಹ, ಹಾಗಾಗಿ ಖಾತ್ರಿಯಿದ್ದರೆ ಮಾತ್ರ ಹೇಳಿ. ಮೊಬೈಲ್ ಒಳಗೆ ಒಯ್ಯಬೇಡಿ. ಯಾರಿಗೆ ಹಾಕಿದೆ ಎಂದು ಫೋಟೊ ತೋರಿಸಿ ಎನ್ನುವವರ ಬಾಯಿ ಮುಚ್ಚಿಸಲು ಆ ನಿಯಮವೇ ನಿಮಗೆ ನೆಪ.

ನೀವು ಹೋಗುವಷ್ಟರಲ್ಲಿ ನಿಮ್ಮ ಹೆಸರಿನಲ್ಲಿ ಯಾರೋ ಓಟು ಹಾಕಿಬಿಟ್ಟಿದ್ದರೆ ಸುಮ್ಮನೆ ವಾಪಸ್ ಬರಬೇಡಿ. ಗುರುತಿನ ಚೀಟಿ ತೋರಿಸಿ ಟೆಂಡರ್ಡ್ ಮತಪತ್ರ ಕೇಳಿ. ಯಂತ್ರದ ಬದಲು ಕಾಗದದ ಮತಪತ್ರದಲ್ಲಿ ಹಾಕಿ, ಲಕೋಟೆಯಲ್ಲಿಟ್ಟು ಪ್ರತ್ಯೇಕವಾಗಿ ಕಾಯ್ದಿಡುವ ಮತ ಅದು. ಸಾಮಾನ್ಯ ಎಣಿಕೆಗೆ ಅದು ಸೇರುವುದಿಲ್ಲ. ಆದರೆ ಅಂತರ ತೀರಾ ಕಡಿಮೆಯಿದ್ದು ಫಲಿತಾಂಶ ಕೋರ್ಟಿಗೆ ಹೋದರೆ ಆ ಲಕೋಟೆ ತೆರೆಯಬೇಕಾಗಿ ಬರಬಹುದು.